ಮೇಲಿನ ಮನೆಯ ಗಂಡಸಿನ ದನಿ

ಸರ್ಜಾಪುರ, ಬುಧವಾರ

ನಾಗಲಕ್ಷ್ಮಮ್ಮ ಆಂಟಿಗೆ ನಮಸ್ಕಾರ.

ನಿನ್ನೆ ಮೆಟ್ಟಿಲ ಬಳಿ ನೀವು, "ಮ್ಯಾಲೆ ಗಂಡಸ್ರ ದನಿ ಕೇಳ್ತದೆ ಕಣಮ್ಮ. ಈ ತಿಂಗಳಿಗೆ ಮನೆ ಖಾಲಿ ಮಾಡ್ಬುಡು" ಅಂದಿರಿ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಪಿಎಚ್‌ಡಿಗೆ ಓದುತ್ತಿರುವುದು ಎಂಟುನೂರು ವರ್ಷ ಹಿಂದಿನ ಫ್ರೆಂಚ್ ಕಥನಕಾವ್ಯಗಳನ್ನು. ಕುದುರೆ ಏರಿದ ವೀರರು, ಅವರು ಮನಸ್ಸು ಕೊಟ್ಟ ರಾಣಿಯರು. ನಮ್ಮ ಹರಿಕಥೆಯ ಹಾಗೆ ಜನರೆದುರು ಹೇಳಲೆಂದೇ ಕಟ್ಟಿದವು. ಹಾಗಾಗಿ ನಾನೂ ಗಟ್ಟಿಯಾಗಿ ಓದುತ್ತೇನೆ. ವೀರನ ಮಾತು ಬಂದಾಗ ದನಿ ದಪ್ಪ ಮಾಡಿಕೊಳ್ಳುತ್ತೇನೆ. ನಿಮಗೆ ದಿನಾ ಕೇಳಿಸುವ ಗಂಡಸು ನಾನೇ.

ಆ ಪ್ರೇಮಿಗಳಿಗೆ ಒಂದು ಕಟ್ಟುಪಾಡಿದೆ. ಪ್ರೀತಿ ಗುಟ್ಟಾಗಿರಬೇಕು, ಹೆಸರು ಬಾಯಿಗೆ ಬರಬಾರದು. ಓದುವುದಕ್ಕೆ ಚೆನ್ನಾಗಿದೆ. ಬಾಡಿಗೆ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದು ನಿನ್ನೆ ಗೊತ್ತಾಯಿತು.

ಭಾನುವಾರ ನಿಮಗೆ ಕೇಳಿಸಿರಬಹುದಾದ ಗಂಡಸಿನ ನಗು ಮಾತ್ರ ನನ್ನದಲ್ಲ. ನಿಮ್ಮ ಮಗ ವಸಂತ್ ಒಮ್ಮೆ ನೀರಿನ ಟ್ಯಾಂಕ್ ನೋಡಲು ಮೇಲೆ ಬಂದವರು ಕಥೆ ಕೇಳುತ್ತ ಕೂತುಬಿಟ್ಟರು. ಈಗ ಪ್ರತಿ ಭಾನುವಾರವೂ ಟ್ಯಾಂಕ್ ನೋಡುತ್ತಾರೆ.

ಮನೆ ಖಾಲಿ ಮಾಡಿಸುವ ಮುಂಚೆ ಅವರನ್ನೂ ಒಂದು ಮಾತು ಕೇಳಿ ಆಂಟಿ.

ಸದ್ಯಕ್ಕೆ ಮೇಲಿನ ಮನೆಯ,
ಶೀತಲ್