ಯೂಫೋರ್ಬಿಯಾಗೆ ಕ್ಷೌರ

ಜೂನ್ ೧೪, ಭಾನುವಾರ.

ಮಾವನವರ ಕೈ ಸುಮ್ಮನಿರುವುದಿಲ್ಲ. ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದವರು. ಕೈ ನಡುಗುತ್ತದೆಂದು ಕಳೆದ ತಿಂಗಳು ನಾನೇ ಹಟ ಮಾಡಿ ಬಾಗಿಲು ಹಾಕಿಸಿದೆ. ಇವತ್ತು ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಳ್ಳಿ ಜಾತಿಯ ನನ್ನ ಯೂಫೋರ್ಬಿಯಾ ಪೊದೆಗಳಿಗೆಲ್ಲ ಕತ್ತರಿ ಆಡಿಸಿಬಿಟ್ಟಿದ್ದಾರೆ!

"ಕೆದರ್ಕೊಂಡಿತ್ತು ಕಣಮ್ಮ, ತಲೆ ಸಮ ಮಾಡ್ದೆ."

ತಲೆಯಂತೆ! ಹಿಮ ಬಿದ್ದರೂ ಹಸಿರಾಗೇ ಉಳಿಯುವ ಗಿಡ ಮಾವನ ಕತ್ತರಿಗೆ ಸೋತಿತು. ಹೂ ಮುಗಿದ ಹಳೆ ಕಡ್ಡಿಯನ್ನು ಬುಡಕ್ಕೆ ಕತ್ತರಿಸಬೇಕು, ಹೊಸ ಕಡ್ಡಿಯ ತುದಿ ಮುಟ್ಟಬಾರದು, ಮುಂದಿನ ವರ್ಷದ ಹೂ ಬರುವುದು ಅದರಲ್ಲೇ ಎಂದು ಎಷ್ಟು ಸಲ ಬಡಿದುಕೊಂಡಿದ್ದೇನೆ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸಾಲದ್ದಕ್ಕೆ, ಗಿಡದ ಹಾಲು ಮೆತ್ತಿದ ಕೈಯಲ್ಲೇ ಕಣ್ಣುಜ್ಜಿಕೊಂಡರು. ಬೈಯುತ್ತಲೇ ಅರ್ಧ ಗಂಟೆ ನೀರು ಹಾಕಿ ತೊಳೆದೆ.

"ಹೂವು ಯಾವಾಗ ಬರುತ್ತಮ್ಮಾ?" ಎಂದರು, ಒಂದೇ ಕಣ್ಣಲ್ಲಿ ನೋಡುತ್ತ.

"ಇನ್ನೆರಡು ವರ್ಷಕ್ಕೆ!" ಎಂದು ರೇಗಿದೆ.

ಸಂಜೆ ಸಿಟ್ಟು ಇಳಿಯದೆ ಮತ್ತೆ ಹೋಗಿ ನೋಡಿದೆ. ಹದಿನೇಳು ಪೊದೆ. ಎಲ್ಲವೂ ದುಂಡಗೆ, ಒಂದರಲ್ಲೂ ಕೂದಲೆಳೆಯಷ್ಟು ಏರುಪೇರಿಲ್ಲ.

ಈ ಕೈ ನಡುಗುತ್ತದೆಂದು ಅಂಗಡಿ ಮುಚ್ಚಿಸಿದವಳು ನಾನು. ಇನ್ನು ಯಾವ ಬಾಯಲ್ಲಿ ಬೈಯಲಿ...