ಒಂಬತ್ತು ವರ್ಷ ಹೊಲಿದರೂ ಟ್ರೈನಿ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ಒಂಬತ್ತು ವರ್ಷ ಹೊಲಿದರೂ ಹೊಲಿಗೆ ಬಾರದ ಹೆಂಗಸನ್ನು ತಾವು ಕಂಡಿದ್ದೀರಾ? ಕಂಡಿದ್ದೀರಿ. ಹೋದ ಶ್ರಾವಣದಲ್ಲಿ ಹೆಬ್ಬಾಳದ ನಮ್ಮ ಗಾರ್ಮೆಂಟ್ಸ್ ತಪಾಸಣೆಗೆ ಬಂದಾಗ ನನ್ನ ಮೆಷಿನ್ ಪಕ್ಕದಲ್ಲೇ ನಿಂತಿದ್ದಿರಿ. "ಇವರೆಲ್ಲ ಟ್ರೈನಿಗಳು ಸಾರ್, ಕನಿಷ್ಠ ವೇತನ ಇವರಿಗೆ ಬರಲ್ಲ" ಎಂದರು ಸೂಪರ್‌ವೈಸರ್ ನಾಗಾರ್ಜುನ. ನನ್ನ ನರೆತ ತಲೆಯನ್ನು ದಿಟ್ಟಿಸಿ ತಾವು, "ಚೆನ್ನಾಗಿ ಕಲೀರಮ್ಮ" ಎಂದು ಹರಸಿ, ಮಾಲೀಕರ ಕೋಣೆಗೆ ಬಾದಾಮಿ ಹಾಲು ಸೇವಿಸಲು ದಯಮಾಡಿಸಿದಿರಿ. ಆಶೀರ್ವಾದಕ್ಕೆ ಕೃತಜ್ಞಳು. ಆದರೆ ಅದನ್ನು ಕುಕ್ಕರಿಗೆ ಹಾಕಿದರೆ ಎಷ್ಟು ಸೀಟಿ ಕೂಗಿಸಬೇಕು ಎಂಬುದನ್ನೂ ತಿಳಿಸಬಾರದಿತ್ತೇ?

ತಾವು ಹೋದ ಮೇಲೆ ಗಗನ ಎಂಬ ಹುಡುಗಿ ಹೊಸದಾಗಿ ಸೇರಿದಳು. "ಸರೋಜಮ್ಮ, ಇವಳಿಗೆ ಕಾಲರ್ ಕೂರಿಸೋದು ಹೇಳ್ಕೊಡಿ" ಎಂದರು ನಾಗಾರ್ಜುನ.

"ನಂಗೆಲ್ಲಿ ಬರುತ್ತೆ ಸಾರ್? ನಾನೂ ಟ್ರೈನಿ. ಸಾಹೇಬರ ಮುಂದೆ ನೀವೇ ಹೇಳ್ಬುಟ್ರಲ್ಲ."

ನಿಜ ಹೇಳಬೇಕೆಂದರೆ, ತಮಾಷೆಗೆ ಅಂದದ್ದು. ಆದರೆ ಹಿಂದಿನ ಸಾಲಿನಲ್ಲಿ ಒಂದು ಮೆಷಿನ್ ನಿಂತಿತು, ಆಮೇಲೆ ಇನ್ನೊಂದು. "ನಮಗೂ ಬರಲ್ಲ ಸಾರ್, ಕಲಿಸಿಕೊಡಿ" ಎಂದು ಹೆಂಗಸರೆಲ್ಲ ಕೈಕಟ್ಟಿ ಕೂತರು. ನಾಗಾರ್ಜುನ ರೇಗಿ ತಾವೇ ಮೆಷಿನ್ ಮುಂದೆ ಕೂತು, ಬಹಳ ಶ್ರದ್ಧೆಯಿಂದ ಕಾಲರನ್ನು ತೋಳಿಗೆ ಹೊಲಿದರು. ಹೊರಗೆ ಮಾಲಿಗೆ ಲಾರಿ ಕಾಯುತ್ತಿತ್ತು. ಸಂಜೆಯ ಹೊತ್ತಿಗೆ ಮಾಲೀಕರೇ ಕೆಳಗಿಳಿದು ಬಂದರು. ಬರುವ ತಿಂಗಳಿಂದ ಎಲ್ಲರಿಗೂ ಸರ್ಕಾರ ಹೇಳಿದಷ್ಟೇ ಸಂಬಳ ಎಂದರು. ಕೆಸರೆಯವರೆಗೆ ಬಸ್ಸಿನಲ್ಲಿ ನಗುತ್ತಲೇ ಬಂದೆ.

ಕೊಟ್ಟ ಮಾತನ್ನು ಅವರು ನಡೆಸಿಕೊಟ್ಟರು, ನನ್ನೊಬ್ಬಳನ್ನು ಬಿಟ್ಟು. ಮಾರನೆಯ ಬೆಳಿಗ್ಗೆಯೇ ನನ್ನನ್ನು ಗೇಟಿನಲ್ಲಿ ತಡೆದು, ಇನ್ನು ಕೆಲಸಕ್ಕೆ ಬರಬೇಡ ಎಂದರು: ತರಬೇತಿಯಲ್ಲಿ ನನ್ನ ಪ್ರಗತಿ ತೃಪ್ತಿಕರವಾಗಿಲ್ಲವಂತೆ.

ಈಗ ಗಗನ ಸಂಜೆ ನಮ್ಮ ಮನೆಗೇ ಬಂದು ಕಲಿಯುತ್ತಾಳೆ. ಮೊದಲ ದಿನ ಬಿಕ್ಕಿ ಬಿಕ್ಕಿ ಅತ್ತಳು. "ನಿಮ್ಮ ಮೆಷಿನ್ ನಂಗೇ ಕೊಟ್ಟವ್ರೆ, ಅಮ್ಮ."

"ಕೊಡ್ಲಿ ಬುಡು. ಬಟ್ಟೆ ಮೇಲೆ ಅಳಬೇಡ, ಕಲೆಯಾಗುತ್ತೆ" ಎಂದೆ. ಅವಳು ಹೋದ ಮೇಲೆ ನಾನೂ ಅತ್ತೆ. ಬಟ್ಟೆಯಿಂದ ದೂರ ಕೂತು.

ಮಾನ್ಯರೇ, ಸಾಮೂಹಿಕವಾಗಿ ದಡ್ಡರಾದರಷ್ಟೇ ನಮಗೆ ಕನಿಷ್ಠ ವೇತನ ಸಿಗುವುದಾದರೆ ತಮ್ಮ ಇಲಾಖೆ ಯಾತಕ್ಕೆ? ನನ್ನನ್ನು ಪೂರ್ತಿ ಸಂಬಳದ ಮೇಲೆ ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿ. ಮುಂದಿನ ತಪಾಸಣೆಗೆ ಹೇಳದೆ ಕೇಳದೆ ಬನ್ನಿ. ಮಾಲೀಕರನ್ನು ಆಮೇಲೆ ಮಾತಾಡಿಸುವಿರಂತೆ, ಮೊದಲು ಹೊಲಿಯುತ್ತಿರುವವರನ್ನು ಕೇಳಿ.

ಇಂತಿ,
ಕೆಲಸ ಬಲ್ಲ, ಕೆಲಸವಿಲ್ಲದ
ಸರೋಜಮ್ಮ, ಕೆಸರೆ