ಎರಡು ಸಣ್ಣ ಕೊಳವೆಗಳು

೧೧ ಏಪ್ರಿಲ್ ೧೯೬೬. ಫತೇಗಂಜ್, ಬರೋಡಾ. ಬೆಳಗ್ಗೆ ೭

ಕಾವ್ಯದ ಕಪಾಟು ಮುಗಿಯಿತು. ಇನ್ನು ಕಾದಂಬರಿ, ಮಕ್ಕಳ ಪುಸ್ತಕ. ಪ್ರತಿ ಸಾಲಿನ ಮುಂದೆಯೂ ಹಗ್ಗ ಬಿಗಿಯಬೇಕು. ಹೋದ ಸಲ ನಡಿಯಾದ್ ರಸ್ತೆಯಲ್ಲಿ ಪದ್ಯಗಳೆಲ್ಲ ಅಡುಗೆ ಪುಸ್ತಕಗಳ ಮೇಲೆ ಬಿದ್ದಿದ್ದವು. ಉಪ್ಪಿನಕಾಯಿಯ ಪುಟ ತೆರೆದುಕೊಂಡು, ಅದರ ಮೇಲೊಂದು ವಿರಹಗೀತೆ...

ಟ್ರೇಲರಿನೊಳಗೆ ನಿಂತರೆ ದೋಣಿಯಲ್ಲಿದ್ದಂತೆ. ಎರಡು ಸಾವಿರ ಪುಸ್ತಕ, ಒಂದೇ ಕಿಟಕಿ. ಬೇವಿನ ನೆರಳು ಪುಸ್ತಕಗಳ ಬೆನ್ನು ಸವರುತ್ತ ಹೋಗುತ್ತದೆ, ಬರುತ್ತದೆ. ಎಂ.ಎ. ಮಾಡಿ ಇಪ್ಪತ್ತು ವರ್ಷ ಮನೆಯಲ್ಲಿದ್ದೆ. ನಲವತ್ತೇಳಕ್ಕೆ ಈ ಓಡಾಡುವ ಲೈಬ್ರರಿ ಸಿಕ್ಕಿತು. ಇನ್ನೂ ಕನಸಿರಬೇಕು ಅನಿಸುವುದುಂಟು.

ಇದನ್ನೆಳೆಯುವ ಪಿಕಪ್ ಅಮೆರಿಕದಿಂದ ಲೈಬ್ರರಿ ನಡೆಸುವ ನಮ್ಮ ಟ್ರಸ್ಟಿಗೆ ದಾನ ಬಂದದ್ದು. ಕ್ಲಚ್ ಇಲ್ಲ. ಗೇರು ತಾನೇ ಬದಲಾಗುತ್ತದೆ. ಡ್ರೈವರ್ ದಾಮೋದರನ ಎಡಗಾಲು ವರ್ಷವಾದರೂ ಕ್ಲಚ್ ಹುಡುಕುತ್ತಲೇ ಇದೆ. ಉಡುಪಿ ಕಡೆಯವನು. ಮಾವನ ಹೋಟೆಲಿಗೆ ಹಿಟ್ಟು ರುಬ್ಬಲು ಬಂದು ಡ್ರೈವಿಂಗ್ ಕಲಿತ. ಜ್ಯೇಷ್ಠದಲ್ಲಿ ಮದುವೆ. ಹುಡುಗಿ ಪ್ರೇಮಾ.

ರೇಡಿಯೇಟರ್ ಮತ್ತೆ ಸೋರುತ್ತಿದೆ. ಹತ್ತೊಂಬತ್ತಕ್ಕೆ ಸೂರತಿನಲ್ಲಿರಬೇಕು.

೧೪ ಏಪ್ರಿಲ್. ಸಂಜೆ

ಇಡೀ ದಿನ ಮಕರಪುರಾ ರಸ್ತೆಯ ವರ್ಕ್‌ಶಾಪಿನಲ್ಲಿ. ಹಳೆಯ ರೇಡಿಯೇಟರಿನ ಕೆಳಗಿನ ಟ್ಯಾಂಕು ಕೊಳೆತುಹೋಗಿದೆಯಂತೆ. ಮಿಸ್ತ್ರಿ ಛಗನಭಾಯಿ ಲಾರಿಯ ಟ್ಯಾಂಕು ಕಡಿದು, ಬೆಸುಗೆ ಹಾಕಿ ಹೊಸದು ಮಾಡಿದರು.

ಆಮೇಲೊಂದು ಪ್ರಶ್ನೆ. ಗೇರ್‌ಬಾಕ್ಸಿನಿಂದ ಎರಡು ಸಣ್ಣ ಕೊಳವೆಗಳು ಬಂದು ಹಳೆಯ ಟ್ಯಾಂಕಿನೊಳಗೆ ಹೋಗುತ್ತಿದ್ದವು. ಹೊಸದರಲ್ಲಿ ಅವಕ್ಕೆ ಜಾಗವಿಲ್ಲ. ಮೂವತ್ತು ವರ್ಷದಲ್ಲಿ ಯಾವ ಗಾಡಿಯಲ್ಲೂ ಇಂಥದ್ದು ನೋಡಿಲ್ಲ ಎಂದರು. ಎರಡರ ಬಾಯಿಯನ್ನೂ ಒಂದು ರಬ್ಬರ್ ನಳಿಕೆಯಿಂದ ಜೋಡಿಸಿಬಿಟ್ಟರೆ ಆಯಿತು, ಹೋದ ಎಣ್ಣೆ ತಿರುಗಿ ಬರುತ್ತದೆ — ಏನು ಬೆನ್? ಎಂದು ನನ್ನನ್ನೇ ಕೇಳಿದರು.

ನಾನು ಅಲ್ಲಿನ ಅಂಗಳದ ಬೇವಿನ ಕೆಳಗೆ ಕೂತು ಓದುತ್ತಿದ್ದೆ. ದಾಮೋದರ ಗಾಡಿಯ ಇಂಗ್ಲಿಷ್ ಕೈಪಿಡಿ ಹಿಡಿದು ಬಂದ. "ಅಮ್ಮ, ಆ ಪೈಪಿನ ಬಗ್ಗೆ ಇದ್ರಲ್ಲಿ ಎಂತ ಉಂಟು, ಸ್ವಲ್ಪ ನೋಡ್ತೀರಾ?"

ಎದ್ದು ಕೊಳವೆಗಳನ್ನು ನೋಡಿದೆ. ತುದಿಯಲ್ಲಿ ಒಂದು ಹನಿ ಎಣ್ಣೆ. ಕೋಕಂ ನೀರಿನಷ್ಟು ಕೆಂಪು. ಹೊರಟಲ್ಲಿಗೇ ಮರಳುವ ಎಣ್ಣೆ — ಪಲ್ಲವಿಗೆ ಮರಳುವ ಹಾಡಿನಂತೆ. ಆ ಯೋಚನೆಯೇ ಚಂದ ಕಂಡಿತು. ಜೋಡಿಸಿಬಿಡಿ ಎಂದೆ.

ತಿರುಗಿ ಬಂದು ಕೂತಾಗ ಕೈಪಿಡಿ ಮಡಿಲಲ್ಲೇ ಇತ್ತು. ತೆರೆಯಲಿಲ್ಲ. ಪದ್ಯದ ಪುಸ್ತಕ ತೆರೆದೆ.

೧೭ ಏಪ್ರಿಲ್

ಖಾಲಿ ಪಿಕಪ್ಪಿನಲ್ಲಿ ಮಂಜಲ್‌ಪುರದವರೆಗೆ ಹೋಗಿ ಬಂದೆವು. ಹನಿ ನೀರೂ ಸೋರಲಿಲ್ಲ. ದಾಮೋದರ ಇಳಿಯುವಾಗ ಗಾಡಿಯ ಮೂತಿ ತಟ್ಟಿದ, ಎಮ್ಮೆಯನ್ನು ತಟ್ಟುವ ಹಾಗೆ.

೧೯ ಏಪ್ರಿಲ್. ಮಧ್ಯಾಹ್ನ ೩. ಅಂಕ್ಲೇಶ್ವರದಾಚೆ, ರಸ್ತೆ ಬದಿ

ಜಾಲಿ ಮರದ ನೆರಳಿನಲ್ಲಿ ಬರೆಯುತ್ತಿದ್ದೇನೆ. ಗಾಡಿ ನಿಂತಿದೆ.

ಬೆಳಗಿನ ಹೊತ್ತು ಎಷ್ಟು ಹಗುರವಾಗಿತ್ತು. ಭರೂಚಿನ ಕಬ್ಬಿಣದ ಸೇತುವೆಯ ಮೇಲೆ ಎತ್ತಿನ ಗಾಡಿಗಳ ಹಿಂದೆ ಗಂಟೆಗಟ್ಟಲೆ ಇಂಚಿಂಚು ಚಲಿಸಿದೆವು. ಕೆಳಗೆ ನರ್ಮದೆ, ಬಿಸಿಲಿಗೆ ನದಿಯೋ ಆಕಾಶವೋ ತಿಳಿಯದಂತೆ. ಹಿಂದಿನಿಂದ ಟ್ರೇಲರಿನ ಭಾರ ಜಗ್ಗುತ್ತಿತ್ತು. ನಾನು ಅರೆ ನಿದ್ದೆಯಲ್ಲಿದ್ದೆ. ಏನೋ ಸೀದ ವಾಸನೆ... ಯಾರದೋ ಒಲೆಯ ಮೇಲೆ ಬೆಲ್ಲದ ಪಾಕ ಹತ್ತಿದೆ ಅಂದುಕೊಂಡೆ.

ಅಂಕ್ಲೇಶ್ವರ ದಾಟಿದ ಮೇಲೆ ಎಂಜಿನ್ ಒಮ್ಮೆಲೇ ಅಬ್ಬರಿಸಿತು. ಗಾಡಿ ಮಾತ್ರ ಚಲಿಸಲಿಲ್ಲ. ಕನಸಿನಲ್ಲಿ ಓಡುತ್ತೇವಲ್ಲ, ಕಾಲು ನಿಂತಲ್ಲೇ ಇರುತ್ತದೆ — ಹಾಗೆ. ಕೆಳಗಿನಿಂದ ಹೊಗೆ. ನೀರಿನ ಬಿಸಿ ತೋರಿಸುವ ಮುಳ್ಳು ಸರಿಯಾಗಿಯೇ ಇತ್ತು. ದಾಮೋದರ ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಬಟ್ಟೆಗೆ ಒರೆಸಿದ. ಕೋಕಂ ಬಣ್ಣವಿಲ್ಲ. ಕಾಫಿ ಕಷಾಯದಂತೆ ಕಪ್ಪು. ಮೂಸಿ ನೋಡಿ, ಆ ಬಟ್ಟೆಯನ್ನು ನನ್ನತ್ತ ಚಾಚಿದ.

ಹತ್ತಿಯ ಲಾರಿಯವನೊಬ್ಬ ಎಳೆದುಕೊಂಡು ಹೋಗಲು ಒಪ್ಪಿದ್ದಾನೆ. ಸೂರತಿಗಲ್ಲ. ಹಿಂದಕ್ಕೆ.

೨೭ ಏಪ್ರಿಲ್. ಬರೋಡಾ

ಎಂಟು ದಿನ ಬರೆಯಲಿಲ್ಲ. ಓದಲೂ ಇಲ್ಲ.

ಗೇರ್‌ಬಾಕ್ಸ್ ಒಳಗೆ ಪೂರ್ತಿ ಸುಟ್ಟಿದೆ. ಭಾಗಗಳು ಅಮೆರಿಕದಿಂದ ಬರಬೇಕು. ಟ್ರಸ್ಟಿನ ಕಾರ್ಯದರ್ಶಿ ರಸಿಕಲಾಲರು ಶನಿವಾರ ಬಂದಿದ್ದರು. ದಾಮೋದರ ರೇಡಿಯೇಟರಿನ ನೀರು ನೋಡದೆ ಓಡಿಸಿದ್ದಾನೆ, ಹೋಟೆಲಿನ ಹುಡುಗನ ಕೈಗೆ ಇಂಥ ಗಾಡಿ ಕೊಟ್ಟದ್ದೇ ತಪ್ಪು ಎಂದರು. ಮೇ ಎರಡಕ್ಕೆ ಅಹಮದಾಬಾದ್ ಆಫೀಸಿನಲ್ಲಿ ವಿಚಾರಣೆ. ಅದು ಹೆಸರಿಗೆ. ಅವನನ್ನು ತೆಗೆಯುವುದು ನಿಶ್ಚಯ.

ನನಗೆ ಚಹಾ ಹೇಳಿ, ನೀವು ಕಂಡದ್ದೇನು ಎಂದು ಮೆಲ್ಲಗೆ ಕೇಳಿದರು.

ಹೊಗೆ ಕಂಡೆ ಎಂದೆ. ಅಷ್ಟೇ ಹೇಳಿದೆ.

೨೮ ಏಪ್ರಿಲ್

ದಾಮೋದರ ಬಂದಿದ್ದ. ಚಪ್ಪಲಿ ಬಿಡಲಿಲ್ಲ, ಬಾಗಿಲಲ್ಲೇ ನಿಂತ. ಕೂರು ಎಂದರೆ ಕೂರಲಿಲ್ಲ.

"ಅಮ್ಮ, ನಾನು ಓದಿದ್ದು ಐದನೇ ಕ್ಲಾಸು. ಅದಕ್ಕೇ ಕೇಳಿದ್ದು ನಿಮ್ಮತ್ರ. ಕೇಳಿದ್ದು ನಾನು, ಜೋಡಿಸಿ ಅಂತ ಹೇಳಿದ್ದು ನೀವು. ಅಷ್ಟು ಬರೆದು ಕೊಟ್ರೆ ಸಾಕು ನಂಗೆ."

ನಾನು ಮೇಜಿನ ಮೇಲಿನ ಪುಸ್ತಕಗಳನ್ನು ಸರಿಸಿಟ್ಟೆ. ಅವನು ಗೋಡೆ ನೋಡುತ್ತ ಹೇಳಿದ:

"ಡ್ರೈವರ್ ಅಂತ ಹೇಳಿ ಹೆಣ್ಣು ಕೊಟ್ಟದ್ದು. ರುಬ್ಬುವವನಿಗೆ ಯಾರೂ ಕೊಡುದಿಲ್ಲ. ಗಾಡಿ ಸುಟ್ಟವ ಅಂತ ಹೆಸರು ಬಂದ್ರೆ ಇನ್ನೊಬ್ಬರು ಸ್ಟೀರಿಂಗ್ ಮುಟ್ಟಲಿಕ್ಕೂ ಬಿಡುದಿಲ್ಲ."

ನೋಡೋಣ ಎಂದೆ. ಎಂಥ ಮಾತು. ನೋಡೋಣ. ಅವನು ತಲೆಯಾಡಿಸಿ ಹೋದ.

ಮಧ್ಯಾಹ್ನ ಕೈಪಿಡಿ ತೆರೆದೆ. ಹುಡುಕಬೇಕಾಗಲೇ ಇಲ್ಲ. ಟ್ರೇಲರ್ ಎಳೆಯುವವರಿಗೆಂದೇ ಒಂದು ಪುಟ. ಚಿತ್ರದಲ್ಲಿ ಎರಡು ಸಣ್ಣ ಕೊಳವೆಗಳು, ಬಾಣದ ಗುರುತು, ಕೆಳಗೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು. ನಾಲ್ಕೇ. ಒಂದು ಚೌಪದಿಯಷ್ಟು.

೧ ಮೇ, ಭಾನುವಾರ. ಅಹಮದಾಬಾದ್

ಇವರು ಕೆಲಸಕ್ಕಾಗಿ ಒಬ್ಬರೇ ಇರುವ ರೈಲ್ವೆ ಕ್ವಾರ್ಟರ್ಸ್. ಸಾಬರಮತಿಯ ಕಡೆಯಿಂದ ಬಿಸಿಗಾಳಿ, ಪರದೆ ಉಬ್ಬಿ ಇಳಿಯುತ್ತದೆ. ಡೀಸೆಲ್ ಶೆಡ್ಡಿನಲ್ಲಿ ಕೆಲಸ ಮಾಡುವ ಗಂಡನಿಗೆ ಎಂಜಿನ್ನಿನ ಪ್ರಶ್ನೆ ಕೇಳಿದ್ದು ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇವತ್ತೇ ಮೊದಲು. ಖುಷಿಯಿಂದ ತಟ್ಟೆಯ ಅಂಚಿಗೆ ಅನ್ನ ಸರಿಸಿ, ಸಾರಿನಲ್ಲಿ ಬೆರಳದ್ದಿ ಚಿತ್ರ ಬರೆದರು. ಕ್ಲಚ್ಚಿಲ್ಲದ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವುದು ಎಣ್ಣೆಯೇ. ಭಾರ ಎಳೆದಷ್ಟೂ ಅದು ಕಾಯುತ್ತದೆ. ಒಂದು ಕೊಳವೆಯಲ್ಲಿ ಹೋಗಿ, ರೇಡಿಯೇಟರಿನ ನೀರಿನೊಳಗೆ ಹಾದು ತಣಿದು, ಇನ್ನೊಂದರಲ್ಲಿ ಮರಳಬೇಕು. ಖಾಲಿ ಗಾಡಿಗೆ ಹೇಗೋ ನಡೆಯುತ್ತದೆ. ಟ್ರೇಲರ್ ಕಟ್ಟಿದರೆ ಇಲ್ಲ.

"ಮತ್ತ ಜೋಡಿಸು ಅಂತ ಹೇಳಿದ ಶಾಣ್ಯಾ ಯಾರು?" ಎಂದು ನಕ್ಕರು.

ನಾನು ಎಂದೆ. ದಾಮೋದರ ಬರೆದು ಕೊಡಿ ಎಂದು ಕೇಳಿದ್ದನ್ನೂ ಹೇಳಿದೆ.

ನಗು ನಿಂತಿತು. ಕೈ ತೊಳೆದು ಬಂದು ಹೇಳಿದರು: "ನಳಿನಿ, ಬರಕೊಡಬ್ಯಾಡ. ಲೈಬ್ರರಿ ಕಸಕೋತಾರ. ಆ ಕೆಲಸ ಸಿಕ್ಕಮ್ಯಾಲೆ ನೀ ನಗೂದು ಕಲ್ತಿ. ಹುಡುಗ ಸಣ್ಣಾಂವ, ಎಲ್ಲೆರೆ ಕೆಲಸಕ್ಕ ಹತ್ತತಾನ."

ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಉತ್ತರ ಕಷ್ಟ. ಇವರು ಒರಗಿ ಕಣ್ಣು ಮುಚ್ಚಿದ ಮೇಲೆ ಕಾಗದ ತೆಗೆದುಕೊಂಡೆ. ಮೊದಲ ಸಲ ಬರೆದದ್ದು ತುಂಬ ಚೆನ್ನಾಗಿತ್ತು. ವಿಷಾದ, ಬಿಸಿಲು, ನರ್ಮದೆ ಎಲ್ಲ ಇತ್ತು. ದಾಮೋದರ ಎಲ್ಲೂ ಇರಲಿಲ್ಲ. ಹರಿದೆ. ಎರಡನೆಯದರಲ್ಲಿ ಮಿಸ್ತ್ರಿಯ ಮೇಲೆ ಅರ್ಧ ತಪ್ಪು ಹೊರಿಸಿದ್ದೆ. ಅದನ್ನೂ.

ಮೂರನೆಯದು ನಾಲ್ಕು ಸಾಲು. ಡ್ರೈವರ್ ಕೇಳಿದ. ಕೈಪಿಡಿ ನನ್ನ ಬಳಿ ಇತ್ತು. ಓದದೆ ಜೋಡಿಸಲು ಹೇಳಿದೆ. ಗಾಡಿ ಸುಟ್ಟದ್ದು ಅದರಿಂದ.

೨ ಮೇ. ಬೆಳಗ್ಗೆ ೧೦-೪೦. ಟ್ರಸ್ಟಿನ ಆಫೀಸು, ಎಲಿಸ್‌ಬ್ರಿಜ್

ವರಾಂಡದ ಬೆಂಚು. ಕಾಗದ ಈ ಪುಟಗಳ ನಡುವೆ ಇದೆ. ಪಕ್ಕದಲ್ಲಿ ದಾಮೋದರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾವನದಿರಬೇಕು, ಭುಜ ದೊಡ್ಡದು. ಪಾರಿವಾಳಗಳು ಮಾಡಿನ ಸಂದಿಯಲ್ಲಿ ಒಂದೇ ಸಮ ಗೊಣಗುತ್ತಿವೆ. ಹೊರಗೆ ಬಿಸಿಲು ನೀರಿನಂತೆ ನಡುಗುತ್ತಿದೆ. ಇಲ್ಲೇ ಹೀಗೇ ಕೂತುಬಿಡಬಹುದು ಅನಿಸುತ್ತದೆ, ಯಾರೂ ಕರೆಯದಿದ್ದರೆ...

ಬರೆದಿರಾ ಎಂದು ಅವನು ಕೇಳಲಿಲ್ಲ. ಏನು ಬರೀತಿದ್ದೀರಿ ಎಂದು ಮಾತ್ರ ಕೇಳಿದ. ದಿನಚರಿ ಎಂದೆ. ಅದನ್ನು ಯಾರು ಓದುವುದು ಎಂದ. ಯಾರೂ ಇಲ್ಲ ಎಂದೆ. ಹಾಗಾದ್ರೆ ಅದ್ರಲ್ಲಿ ಬರೆದು ಎಂತ ಪ್ರಯೋಜನ ಎಂದ. ಅವನು ಹಂಗಿಸಲು ಹೇಳಿದ್ದಲ್ಲ.

ಪ್ಯೂನ್ ಬಾಗಿಲು ತೆರೆದ. ದಾಮೋದರನ ಹೆಸರು ಕರೆದ. ಅವನು ಅಂಗಿ ಎಳೆದುಕೊಂಡು ಏಳುತ್ತಿದ್ದಾನೆ. ನೀನು ಕೂತಿರು, ಮೊದಲು ನಾನು ಹೋಗುತ್ತೇನೆ ಎಂದೆ. ಕಾಗದ ಕೈಗೆ ತೆಗೆದುಕೊಂಡು ಏಳುತ್ತಿದ್ದೇನೆ.